ಯಕೃತ್ತಿನಲ್ಲಿ ಕೊಬ್ಬು: ಮೊದಲು ನೋಡಿಕೊಳ್ಳಬೇಕಾದದ್ದು ಹೃದಯವನ್ನು

ಪ್ರಶ್ನೆ: ಡಾಕ್ಟರ್ ಸಾಹೇಬರೆ, ನನಗೆ 46 ವರ್ಷ. ಗದಗಿನಲ್ಲಿ ಬಟ್ಟೆ ಅಂಗಡಿ ಇದೆ. ಎತ್ತರ 168 ಸೆಂ.ಮೀ., ತೂಕ 84 ಕೆ.ಜಿ. ಮದ್ಯ, ಮಾಂಸ ಎರಡನ್ನೂ ಮುಟ್ಟಿದವನಲ್ಲ. ಬಿ.ಪಿ.ಗೆ ದಿನಕ್ಕೊಂದು ಮಾತ್ರೆ ನುಂಗುತ್ತೇನೆ. ಹೊಟ್ಟೆ ಉಬ್ಬರವೆಂದು ಸ್ಕ್ಯಾನ್ ಮಾಡಿಸಿದಾಗ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದು ಬಂತು. ಇದು ಈಗ ಎಲ್ಲರಿಗೂ ಇರುತ್ತದೆ, ಚಿಂತಿಸಬೇಡಿ ಎಂದು ಸ್ಕ್ಯಾನ್ ಮಾಡಿದವರು ಹೇಳಿದರು. ಆದರೆ ಎರಡು ವರ್ಷದ ಹಿಂದೆ ನನ್ನ ಅಣ್ಣನಿಗೆ 49ನೇ ವಯಸ್ಸಿನಲ್ಲಿ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಆಗ ನನಗೂ ಕೊಲೆಸ್ಟೆರಾಲ್‌ಗೆ ಅಟೊರ್ವಾಸ್ಟಾಟಿನ್ ಮಾತ್ರೆ ಬರೆದುಕೊಟ್ಟಿದ್ದರು. ಲಿವರ್ ಕೆಟ್ಟಾಗ ಆ ಮಾತ್ರೆ ವಿಷವೆಂದು ಬೀಗರೊಬ್ಬರು ಹೇಳಿದ್ದರಿಂದ ಮೂರು ತಿಂಗಳಿಂದ ಬಿಟ್ಟಿದ್ದೇನೆ. ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ 260, ಎಚ್‌ಡಿಎಲ್ 34, ಎಲ್‌ಡಿಎಲ್ 142, ಎಚ್‌ಬಿಎ1ಸಿ 6.1, ಎಸ್‌ಜಿಒಟಿ 40, ಎಸ್‌ಜಿಪಿಟಿ 58, ಪ್ಲೇಟ್‌ಲೆಟ್ 2.4 ಲಕ್ಷ ಇವೆ. ಲಿವರಿಗೂ ಹೃದಯಕ್ಕೂ ಏನಾದರೂ ಸಂಬಂಧವಿದೆಯೇ?

ಉತ್ತರ: ಸಂಬಂಧವಿದೆ, ಅದೂ ಬಹಳ ಹತ್ತಿರದ ಸಂಬಂಧ. ಫ್ಯಾಟಿ ಲಿವರ್ ಇರುವವರ ಸಾವಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗುವುದು ಯಕೃತ್ತಿನ ಕಾಯಿಲೆಯಲ್ಲ, ಹೃದಯ ಮತ್ತು ರಕ್ತನಾಳಗಳ ಕಾಯಿಲೆ. ಆದ್ದರಿಂದ ನಿಮ್ಮ ಸ್ಕ್ಯಾನ್ ವರದಿಯ ಕೊನೆಯ ಸಾಲನ್ನು ನಾನು ಹೃದಯದ ಬಗ್ಗೆ ಬಂದ ಎಚ್ಚರಿಕೆಯೆಂದೇ ಓದುತ್ತೇನೆ. ‘ಎಲ್ಲರಿಗೂ ಇರುತ್ತದೆ’ ಎಂಬ ಮಾತು ನನಗೆ ಸಮಾಧಾನ ಕೊಡುವುದಿಲ್ಲ. ಈ ತೊಂದರೆ ಬಹಳ ಜನರಲ್ಲಿದೆ ಎಂಬುದು ನಿಜ. ಕೇಂದ್ರ ಸರ್ಕಾರ 2021ರಲ್ಲಿ ಇದನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದ್ದೂ ಅದಕ್ಕಾಗಿಯೇ. ಬಹಳ ಜನರಲ್ಲಿದೆ ಎಂದ ಮಾತ್ರಕ್ಕೆ ಅದು ನಿರುಪದ್ರವಿಯಾಗುವುದಿಲ್ಲ.

ನಂಟು ಹೇಗೆ ಬೆಳೆಯುತ್ತದೆ ಎಂಬುದನ್ನು ನಿಮಗೆ ಪರಿಚಯವಿರುವ ವ್ಯಾಪಾರದ ಮಾತಿನಲ್ಲೇ ಹೇಳಬಹುದು. ಯಕೃತ್ತು ಒಂದು ಅಡತಿ ಅಂಗಡಿಯಂತೆ. ನಾವು ಉಂಡದ್ದೆಲ್ಲ ಕರುಳಿನಿಂದ ಮೊದಲು ಬಹುಪಾಲು ಅಲ್ಲಿಗೇ ಬರುತ್ತದೆ, ಅಲ್ಲಿಂದ ವಿಂಗಡಣೆಯಾಗಿ ಮುಂದೆ ಹೋಗುತ್ತದೆ. ಹೊಟ್ಟೆಯ ಸುತ್ತ ಬೊಜ್ಜು ಬೆಳೆದು ದೇಹ ಇನ್ಸುಲಿನ್ನಿನ ಮಾತನ್ನು ಕೇಳದಂತಾದಾಗ, ಬೊಜ್ಜಿನಿಂದ ಕೊಬ್ಬಿನಾಮ್ಲಗಳು ಹಗಲಿರುಳೂ ಯಕೃತ್ತಿಗೆ ಹರಿದು ಬರುತ್ತವೆ, ಹೆಚ್ಚಾಗಿ ತಿಂದ ಸಕ್ಕರೆಯೂ ಅಲ್ಲಿಯೇ ಕೊಬ್ಬಾಗಿ ಮಾರ್ಪಡುತ್ತದೆ. ಒಂದಷ್ಟು ಅಲ್ಲೇ ದಾಸ್ತಾನಾಗುತ್ತದೆ. ಶೇ 5ಕ್ಕಿಂತ ಹೆಚ್ಚು ಜೀವಕೋಶಗಳಲ್ಲಿ ಕೊಬ್ಬು ತುಂಬಿದರೆ ಅದೇ ಫ್ಯಾಟಿ ಲಿವರ್. ಉಳಿದದ್ದನ್ನು ಯಕೃತ್ತು ಟ್ರೈಗ್ಲಿಸರೈಡ್ ಎಂಬ ಕೊಬ್ಬು ತುಂಬಿದ ಕಣಗಳನ್ನಾಗಿ ರಕ್ತಕ್ಕೆ ಬಿಡುತ್ತದೆ. ಈ ಕಣಗಳು ಹೆಚ್ಚಿದಂತೆ ‘ಒಳ್ಳೆಯ ಕೊಲೆಸ್ಟೆರಾಲ್’ ಎನ್ನುವ ಎಚ್‌ಡಿಎಲ್ ಕುಗ್ಗುತ್ತದೆ, ‘ಕೆಟ್ಟ ಕೊಲೆಸ್ಟೆರಾಲ್’ ಎನ್ನುವ ಎಲ್‌ಡಿಎಲ್‌ನ ಕಣಗಳು ಸಣ್ಣದಾಗಿ, ದಟ್ಟವಾಗಿ, ರಕ್ತನಾಳದ ಗೋಡೆಯೊಳಗೆ ಸುಲಭವಾಗಿ ನುಸುಳುವಂತಾಗುತ್ತವೆ. ನಿಮ್ಮ ವರದಿಯ 260 ಮತ್ತು 34 ಎಂಬ ಎರಡು ಅಂಕಿಗಳು ಹೇಳುತ್ತಿರುವುದು ಇದೇ ಕಥೆಯನ್ನು. ಇದರ ಜೊತೆಗೆ ಯಕೃತ್ತು ಉರಿಯೂತದ ಪ್ರೋಟೀನುಗಳನ್ನೂ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ಹೆಚ್ಚು ತಯಾರಿಸತೊಡಗುತ್ತದೆ.

ಯಕೃತ್ತಿನ ಕೊಬ್ಬು ತಾನಾಗಿಯೇ ಹೃದಯವನ್ನು ಎಷ್ಟು ಕೆಡಿಸುತ್ತದೆ, ಎರಡೂ ಒಂದೇ ಬೇರಿನಿಂದ ಹುಟ್ಟಿದ್ದರಿಂದ ಒಟ್ಟಿಗೆ ಕಾಣಿಸುವುದೆಷ್ಟು ಎಂಬುದರ ಬಗ್ಗೆ ತಜ್ಞರಲ್ಲಿ ಚರ್ಚೆ ಇನ್ನೂ ನಡೆದಿದೆ. ಆ ಚರ್ಚೆ ಮುಗಿಯುವವರೆಗೆ ರೋಗಿ ಕಾಯಬೇಕಿಲ್ಲ, ಏಕೆಂದರೆ ಎರಡಕ್ಕೂ ಮಾಡಬೇಕಾದ ಕೆಲಸ ಒಂದೇ. 2023ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಂಘಗಳು ಈ ಕಾಯಿಲೆಯ ಹಳೆಯ ಹೆಸರಾದ ‘ಮದ್ಯಪಾನದಿಂದಲ್ಲದ ಫ್ಯಾಟಿ ಲಿವರ್’ ಎಂಬುದನ್ನು ಕೈಬಿಟ್ಟು, ಚಯಾಪಚಯ ದೋಷಕ್ಕೆ ಸಂಬಂಧಿಸಿದ ಕಾಯಿಲೆ ಎಂದೇ ಹೆಸರಿಟ್ಟಿವೆ. ಹೊಟ್ಟೆಯ ಬೊಜ್ಜು, ಬಿ.ಪಿ., ಸಕ್ಕರೆ, ಟ್ರೈಗ್ಲಿಸರೈಡ್, ಎಚ್‌ಡಿಎಲ್ ಇವುಗಳಲ್ಲಿ ಒಂದರಲ್ಲಾದರೂ ಏರುಪೇರಿದ್ದರೆ ಆ ಹೆಸರು ಅನ್ವಯಿಸುತ್ತದೆ. ನಿಮ್ಮಲ್ಲಿ ಬಹುತೇಕ ಎಲ್ಲವೂ ಇವೆ. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಅದು ಸಕ್ಕರೆ ಕಾಯಿಲೆಯ ಹೊಸ್ತಿಲು; ನೀವು 6.1ರಲ್ಲಿದ್ದೀರಿ. ಒಡಹುಟ್ಟಿದ ಗಂಡಸಿಗೆ 55ರೊಳಗೆ ಹೃದಯಾಘಾತವಾಗಿದ್ದರೆ ಅದನ್ನು ವಂಶದ ಅಪಾಯವೆಂದು ಲೆಕ್ಕಕ್ಕೆ ಹಿಡಿಯುತ್ತೇವೆ.

ಇನ್ನು ಮಾತ್ರೆಯ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಅತ್ಯಂತ ಕಳವಳಕ್ಕೀಡುಮಾಡಿದ್ದು ಸ್ಕ್ಯಾನ್ ಅಲ್ಲ, ಆ ಮೂರು ತಿಂಗಳು. ಹುಬ್ಬಳ್ಳಿಯ ನನ್ನ ಹೊರರೋಗಿ ಕೊಠಡಿಗೆ ಬರುವ ಎಷ್ಟೋ ಜನ ಇದೇ ಭಯದಿಂದ ಮಾತ್ರೆ ಬಿಟ್ಟಿರುತ್ತಾರೆ. ಪ್ಲಾಸ್ಟಿಕ್ ಕವರಿನಿಂದ ವರದಿ ತೆಗೆದು ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಎಂಬ ಕಿಣ್ವದ ಸಾಲಿನ ಮೇಲೆ ಬೆರಳಿಟ್ಟು ‘ಇದು ಮಾತ್ರೆಯಿಂದಲೇ ಏರಿದ್ದಲ್ಲವೇ’ ಎಂದು ಕೇಳುತ್ತಾರೆ. ಬಹುಪಾಲು ಜನರಲ್ಲಿ ಅದು ಏರಿರುವುದು ಕೊಬ್ಬಿನಿಂದ. ನಿಮ್ಮಲ್ಲಂತೂ ಮಾತ್ರೆ ಬಿಟ್ಟ ಮೇಲೂ ಅದು 58 ಇದೆ. ನಿಮ್ಮ ಅಟೊರ್ವಾಸ್ಟಾಟಿನ್‌ನಂಥ ಸ್ಟಾಟಿನ್ ಮಾತ್ರೆಗಳು ಫ್ಯಾಟಿ ಲಿವರ್ ಇರುವವರಿಗೆ ಸುರಕ್ಷಿತ, ಹೃದಯಾಘಾತವನ್ನು ತಡೆಯುವುದರಲ್ಲಿ ಅವುಗಳ ಪ್ರಯೋಜನ ದೃಢಪಟ್ಟಿದೆ. ಎಸ್‌ಜಿಪಿಟಿ ಸಾಮಾನ್ಯ ಮಿತಿಯ ಮೂರು ಪಟ್ಟು, ಅಂದರೆ ಸುಮಾರು 120, ದಾಟದಿದ್ದರೆ ಸಾಮಾನ್ಯವಾಗಿ ನಿಲ್ಲಿಸುವ ಅಗತ್ಯವೇ ಬರುವುದಿಲ್ಲ. ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವಂಥ ಮುಂದುವರಿದ ಯಕೃತ್ತಿನ ಕಾಯಿಲೆ ಇರುವವರ ಮಾತು ಬೇರೆ. ದಯವಿಟ್ಟು ಈ ವಾರವೇ ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಕಂಡು ಮತ್ತೆ ಆರಂಭಿಸಿ. ಎಲ್‌ಡಿಎಲ್ 100ಕ್ಕಿಂತ ಕೆಳಗಿಳಿಯಬೇಕು; ಅಣ್ಣನ ಚರಿತ್ರೆಯನ್ನು ನೋಡಿ ನಿಮ್ಮ ವೈದ್ಯರು ಇನ್ನೂ ಕೆಳಗಿನ ಗುರಿಯನ್ನು ಇಡಬಹುದು.

ಯಕೃತ್ತಿನ ಬಗ್ಗೆ ನಿಮಗೆ ಒಂದು ನೆಮ್ಮದಿಯ ಸುದ್ದಿಯೂ ಇದೆ. ಗ್ರೇಡ್ ಎಂಬುದು ಕೊಬ್ಬಿನ ಪ್ರಮಾಣದ ಅಂದಾಜು ಮಾತ್ರ. ಯಕೃತ್ತು ಗಟ್ಟಿಯಾಗಿ ಕಲೆಗಟ್ಟಿದೆಯೇ ಎಂಬುದನ್ನು ಅದು ತಿಳಿಸುವುದಿಲ್ಲ, ಆದರೆ ಮುಂದಿನ ಅಪಾಯವನ್ನು ನಿರ್ಧರಿಸುವುದು ಆ ಕಲೆಯೇ. ಅದನ್ನು ಅಂದಾಜಿಸಲು ಫಿಬ್-4 ಎಂಬ ಸರಳ ಲೆಕ್ಕವಿದೆ. ವಯಸ್ಸನ್ನು ಎಸ್‌ಜಿಒಟಿ ಎಂಬ ಇನ್ನೊಂದು ಕಿಣ್ವದ ಅಂಕಿಯಿಂದ ಗುಣಿಸಿ, ಬಂದದ್ದನ್ನು ಸಾವಿರದ ಲೆಕ್ಕದಲ್ಲಿನ ಪ್ಲೇಟ್‌ಲೆಟ್ ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ನಿಮ್ಮಲ್ಲಿ 46 ಗುಣಿಸು 40 ಅಂದರೆ 1840, 240ನ್ನು 7.6ರಿಂದ ಗುಣಿಸಿದರೆ ಸುಮಾರು 1825. ಉತ್ತರ ಹತ್ತಿರಹತ್ತಿರ 1. ಇದು 1.3ಕ್ಕಿಂತ ಕಡಿಮೆ ಇದ್ದರೆ ಮುಂದುವರಿದ ಕಲೆ ಇರುವ ಸಾಧ್ಯತೆ ಕಡಿಮೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮತ್ತೆ ಲೆಕ್ಕ ಹಾಕಿದರೆ ಸಾಕು. 1.3 ದಾಟಿದವರು ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೊಸ್ಕ್ಯಾನ್ ಮಾಡಿಸಬೇಕಾಗುತ್ತದೆ.

ಔಷಧಿಗಿಂತ ದೊಡ್ಡ ಚಿಕಿತ್ಸೆ ನಿಮ್ಮ ಕೈಯಲ್ಲಿದೆ. ತೂಕ ಶೇ 5ರಷ್ಟು ಇಳಿದರೆ, ಅಂದರೆ ನಿಮಗೆ ನಾಲ್ಕು ಕಿಲೋ ಚಿಲ್ಲರೆ, ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ. ಶೇ 7ರಿಂದ 10ರಷ್ಟು ಇಳಿದರೆ ಉರಿಯೂತವೂ ತಗ್ಗುತ್ತದೆ, ಜೊತೆಗೆ ಬಿ.ಪಿ., ಸಕ್ಕರೆ, ಟ್ರೈಗ್ಲಿಸರೈಡ್ ಕೂಡ ಇಳಿಮುಖವಾಗುತ್ತವೆ. ಉಪವಾಸ ಬಿದ್ದು ಒಂದೇ ತಿಂಗಳಲ್ಲಿ ಇಳಿಸುವುದು ಬೇಡ, ವಾರಕ್ಕೆ ಅರ್ಧ ಕಿಲೋ ಸಾಕು. ಸಸ್ಯಾಹಾರಿಯಾಗಿದ್ದೂ ಹೀಗೇಕಾಯಿತು ಎಂದು ನೀವು ಅಚ್ಚರಿಪಡಬಹುದು. ಅಂಗಡಿಯಲ್ಲಿ ಗಿರಾಕಿಗಳೊಡನೆ ದಿನಕ್ಕೆ ಐದು ಚಹಾ ಆಗುತ್ತದೆ ಎಂದಿಟ್ಟುಕೊಳ್ಳಿ. ಕಪ್ಪಿಗೆ ಎರಡು ಚಮಚದಂತೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ ಸಕ್ಕರೆ ಚಹಾದಲ್ಲೇ ಹೋಗುತ್ತದೆ. ಸಂಜೆಯ ಗಿರಮಿಟ್ಟು, ಮಿರ್ಚಿ, ಹಬ್ಬಕ್ಕೆ ಬರುವ ಪೇಡೆಯ ಡಬ್ಬಿ ಇವು ಬೇರೆ. ನಮ್ಮ ಜೋಳದ ರೊಟ್ಟಿ, ಮಡಕಿ ಕಾಳು, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ, ಸೌತೆಕಾಯಿಗಳ ಊಟದಲ್ಲಿ ದೋಷವಿಲ್ಲ. ರೊಟ್ಟಿಯನ್ನು ಎರಡಕ್ಕೆ ನಿಲ್ಲಿಸಿ ಕಾಳು, ಪಲ್ಯವನ್ನು ಹೆಚ್ಚಿಸಿ, ರೊಟ್ಟಿಯ ಮೇಲೆ ಮತ್ತೆ ಅನ್ನ ಬಡಿಸಿಕೊಳ್ಳುವುದನ್ನು ರಾತ್ರಿಯಾದರೂ ಬಿಡಿ. ಅಡುಗೆ ಎಣ್ಣೆ ತಲೆಗೆ ತಿಂಗಳಿಗೆ ಅರ್ಧ ಲೀಟರಿನ ಆಸುಪಾಸಿನಲ್ಲಿರಲಿ. ಬೆಳಿಗ್ಗೆ ಭೀಷ್ಮ ಕೆರೆಯ ದಂಡೆಯಲ್ಲಿ ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ.

ಒಂದು ಮಾತು ಬಾಕಿ ಇದೆ. ನಡೆಯುವಾಗ, ಮೆಟ್ಟಿಲೇರುವಾಗ ಎದೆ ಬಿಗಿದು, ನಿಂತ ಕೂಡಲೇ ಕಡಿಮೆಯಾದರೆ ಅದನ್ನು ಗ್ಯಾಸ್ ಎಂದು ಸೋಡಾ ಕುಡಿದು ಮರೆಯಬೇಡಿ. ಬೆವರು, ಉಸಿರುಗಟ್ಟುವಿಕೆ, ಎಡಗೈ ಅಥವಾ ದವಡೆಗೆ ಹರಿಯುವ ನೋವು ಇದ್ದರೆ ತಡಮಾಡದೆ ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ. ಹಿಂದೆ ತೆಗೆಸಿದ ಇಸಿಜಿ ಸರಿಯಿತ್ತು ಎಂಬುದು ಆಗ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ನಾನು ರಾಣೆಬೆನ್ನೂರಿನ ಶಿಕ್ಷಕಿ, 39 ವರ್ಷ. ತೂಕ 50 ಕೆ.ಜಿ., ಎತ್ತರ 152 ಸೆಂ.ಮೀ. ತೆಳ್ಳಗಿರುವ ನನಗೂ ಫ್ಯಾಟಿ ಲಿವರ್ ಎಂದು ಬಂದಿದೆ. ಎರಡನೇ ಬಸುರಿನಲ್ಲಿ ಸಕ್ಕರೆ ಏರಿತ್ತು, ಹೆರಿಗೆಯ ನಂತರ ಸರಿಹೋಯಿತು. ವರದಿ ತಪ್ಪಿರಬಹುದೇ?

ಉತ್ತರ: ತಪ್ಪಿರಬೇಕೆಂದಿಲ್ಲ. ನಮ್ಮ ಜನರಲ್ಲಿ ಕೈಕಾಲು ಸಣ್ಣಗಿದ್ದೂ ಹೊಟ್ಟೆಯ ಒಳಗಡೆ, ಅಂಗಗಳ ಸುತ್ತ ಕೊಬ್ಬು ಸೇರುವ ಪ್ರವೃತ್ತಿ ಹೆಚ್ಚು. ತಕ್ಕಡಿಯ ಬದಲು ಟೇಪು ಹಿಡಿಯಿರಿ: ಸೊಂಟದ ಸುತ್ತಳತೆ ಹೆಂಗಸರಲ್ಲಿ 80 ಸೆಂ.ಮೀ., ಗಂಡಸರಲ್ಲಿ 90 ಸೆಂ.ಮೀ. ಮೀರಬಾರದು. ಬಸುರಿನ ಸಕ್ಕರೆ ಹೆರಿಗೆಯ ನಂತರ ಇಳಿದರೂ, ಅದು ಮುಂದೆ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗ ಬರುವ ಸಾಧ್ಯತೆಯನ್ನು ಹೆಚ್ಚಿಸಿಯೇ ಇರುತ್ತದೆ. ಇದನ್ನು ತವರಿನಲ್ಲಾಗಲಿ ಅತ್ತೆಮನೆಯಲ್ಲಾಗಲಿ ಯಾರೂ ನೆನಪಿಡುವುದಿಲ್ಲ, ವೈದ್ಯರೂ ಕೇಳುವುದು ಕಡಿಮೆ. ನೀವಾಗಿ ಬರೆದದ್ದು ಬಹಳ ಒಳ್ಳೆಯದಾಯಿತು. ಎಚ್‌ಬಿಎ1ಸಿ, ಲಿಪಿಡ್ ಪ್ರೊಫೈಲ್, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಬಿ.ಪಿ. ನೋಡಿಸಿ. ನಿಮ್ಮಂಥವರಿಗೆ ಎರಡು ಕಿಲೋ ಇಳಿದರೂ ಪ್ರಯೋಜನವಾಗುತ್ತದೆ. ನಡಿಗೆಯ ಜೊತೆಗೆ ಸ್ನಾಯು ಬಲಗೊಳಿಸುವ ವ್ಯಾಯಾಮವನ್ನು ವಾರಕ್ಕೆರಡು ದಿನ ಮಾಡಿ.

ಪ್ರಶ್ನೆ: ಲಿವರ್ ಶುದ್ಧಿಗೆಂದು ಅಮೃತಬಳ್ಳಿಯ ಕಷಾಯವನ್ನು ದಿನಾ ಕುಡಿಯುತ್ತಿದ್ದೇನೆ. ಮುಂದುವರಿಸಲೇ? — ಧಾರವಾಡದ ಓದುಗರು

ಉತ್ತರ: ನಿಲ್ಲಿಸಿ. ಅಮೃತಬಳ್ಳಿಯನ್ನು ದಿನವೂ ಸೇವಿಸಿ ಯಕೃತ್ತಿಗೆ ತೀವ್ರ ಪೆಟ್ಟಾದ ಪ್ರಕರಣಗಳು ಕೋವಿಡ್ ಕಾಲದಲ್ಲಿ ನಮ್ಮ ದೇಶದಲ್ಲೇ ವರದಿಯಾಗಿವೆ. ಯಕೃತ್ತನ್ನು ಹೊರಗಿನಿಂದ ತೊಳೆಯುವ ಔಷಧಿ ಯಾವುದೂ ಇಲ್ಲ. ಎಸ್‌ಜಿಒಟಿ, ಎಸ್‌ಜಿಪಿಟಿ ಪರೀಕ್ಷೆ ಮಾಡಿಸಿ. ಕಣ್ಣು ಹಳದಿಯಾದರೆ ಅಥವಾ ಮೂತ್ರದ ಬಣ್ಣ ಗಾಢವಾದರೆ ಅಂದೇ ವೈದ್ಯರನ್ನು ಕಾಣಿ, ಏನು ಕುಡಿಯುತ್ತಿದ್ದಿರೆಂಬುದನ್ನು ಮುಚ್ಚಿಡದೆ ಹೇಳಿ.