ಸಿಗರೇಟ್ ಸೇದದ ಅಮ್ಮಂಗೆ ಲಂಗ್ ಕ್ಯಾನ್ಸರ್, ಹೊಗೆಯಿಂದಾನೇ ಬಂತಾ ಅಂತ ಡಿಎನ್‌ಎ ಹೇಳುತ್ತಾ?

ಪ್ರಶ್ನೆ: ನಮ್ಮಮ್ಮಂಗೆ 58 ವರ್ಷ, ಸಿಗರೇಟ್ ಮುಟ್ಟಿದವರಲ್ಲ, ಈಗ ಲಂಗ್ ಕ್ಯಾನ್ಸರ್ ಅಂತಿದಾರೆ. ಊರಲ್ಲಿ ಸೌದೆ ಒಲೆ, ಬೆಂಗ್ಳೂರಿಗೆ ಬಂದ್ಮೇಲೆ ಮೇನ್ ರೋಡ್ ಪಕ್ಕದ ಮನೆ. ಡಾಕ್ಟ್ರು ಇಜಿಎಫ್‌ಆರ್ ಟೆಸ್ಟ್ ಬರ್ದಿದಾರೆ, ಹೊಗೆಯಿಂದ ಬಂತಾ ಅಂತ ಅದ್ರಲ್ಲಿ ಗೊತ್ತಾಗುತ್ತಾ? ನಾನೂ ಆನ್‌ಲೈನಲ್ಲಿ ಸಿಗೋ ಎಂಜಲಿನ ಡಿಎನ್‌ಎ ಟೆಸ್ಟ್ ಮಾಡಿಸ್ಕೊಳ್ಲಾ?

ಉತ್ತರ: ಇಜಿಎಫ್‌ಆರ್ ಟೆಸ್ಟ್ ತಡ ಮಾಡ್ದೆ ಮಾಡ್ಸಿ. ಅದು ಕಾರಣ ಹುಡುಕೋಕಲ್ಲ, ಔಷಧಿ ಆರಿಸೋಕೆ. ಸಿಗರೇಟ್ ಸೇದದ ಹೆಂಗಸರ ಲಂಗ್ ಕ್ಯಾನ್ಸರಲ್ಲಿ ಇಜಿಎಫ್‌ಆರ್ ಅನ್ನೋ, ಕೋಶಕ್ಕೆ ಬೆಳೆಯೋ ಸೂಚನೆ ಕೊಡೋ ಜೀನ್ ಕೆಟ್ಟಿರೋದು ಸಾಕಷ್ಟು ಸಲ ಕಾಣುತ್ತೆ, ಪಾಸಿಟಿವ್ ಬಂದ್ರೆ ಅದಕ್ಕೇ ಅಂತ ಮಾತ್ರೆಗಳಿವೆ.

ಹೊಗೆ ಡಿಎನ್‌ಎ ಮೇಲೆ ಗುರುತು ಬಿಡೋದಂತೂ ನಿಜ. ಚೀನಾದ ಯುನ್ನಾನ್ ಪ್ರಾಂತ್ಯದ ಶುವಾನ್‌ವೇ ಕಡೆ ಹೆಂಗಸರು ಸಿಗರೇಟ್ ಸೇದ್ತಿದ್ದಿದ್ದೇ ಅಪರೂಪ, ಆದ್ರೂ ಲಂಗ್ ಕ್ಯಾನ್ಸರ್ ವಿಪರೀತ, ಯಾಕಂದ್ರೆ ಮನೆ ಒಳಗೆ ಹೊಗೆಗೂಡಿಲ್ಲದ ಗುಂಡಿ ಒಲೇಲಿ ಕಲ್ಲಿದ್ದಲು ಉರಿಸಿ ಅಡಿಗೆ ಮಾಡ್ತಿದ್ರು. ಡಿಎನ್‌ಎ ಅಂದ್ರೆ ಎ, ಟಿ, ಜಿ, ಸಿ ಅನ್ನೋ ನಾಲ್ಕು ಅಕ್ಷರಗಳ ಬರಹ ಇದ್ದಂಗೆ. ಆ ಹೊಗೆಲಿರೋ ಬೆಂಜೋಪೈರೀನ್ ಅನ್ನೋ ರಾಸಾಯನಿಕ ಮೈಯೊಳಗೆ ರೂಪ ಬದಲಿಸ್ಕೊಂಡು ಡಿಎನ್‌ಎಯ ಜಿ ಅಕ್ಷರಕ್ಕೆ ಅಂಟ್ಕೊಳುತ್ತೆ, ರಿಪೇರಿ ಆಗೋಕ್ ಮುಂಚೆ ಆ ಜೀವಕೋಶ ಕಾಪಿ ಆದ್ರೆ ಜಿ ಇದ್ದ ಜಾಗದಲ್ಲಿ ಟಿ ಕೂತ್ಬಿಡುತ್ತೆ. ಅಲ್ಲಿನವರ ಗಡ್ಡೆಗಳಲ್ಲಿ ಟಿಪಿ53 ಅನ್ನೋ, ಕ್ಯಾನ್ಸರ್ ತಡೆಯೋ ಜೀನ್ ಓದ್ದಾಗ ಇದೇ ಬದಲಾವಣೆ ಎದ್ದು ಕಾಣ್ತು. ಹೊಗೆಗೂಡಿರೋ ಒಲೆಗೆ ಬದಲಾದ ಮನೆಗಳಲ್ಲಿ ಕ್ಯಾನ್ಸರ್ ಕಮ್ಮಿ ಆಯ್ತು. ನಮ್ಮ ಹಳ್ಳಿಗಳಲ್ಲಿ ಗ್ಯಾಸ್ ಕನೆಕ್ಷನ್ ಇದ್ದೂ ಸಿಲಿಂಡರ್ ದುಡ್ಡಿಗೆ ಹೆದರಿ ಸೌದೆಗೆ ವಾಪಸ್ ಹೋಗೋ ಮನೆಗಳನ್ನ ನೋಡ್ದಾಗ ನಂಗೆ ಸಂಕಟ ಆಗೋದು ಇದಕ್ಕೇ.

ರೋಡಿನ ಪಿಎಂ 2.5, ಅಂದ್ರೆ ಗಾಳೀಲಿರೋ ಅತಿ ಸಣ್ಣ ಕಣಗಳ ಕಥೆ ಸ್ವಲ್ಪ ಬೇರೆ. 2023ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಚಾರ್ಲ್ಸ್ ಸ್ವಾಂಟನ್ ತಂಡ 295 ಜನರ ಗಡ್ಡೆಯಿಲ್ಲದ ಶ್ವಾಸಕೋಶದ ಅಂಗಾಂಶ ತಗೊಂಡು ಬಹಳ ಆಳವಾಗಿ ಸೀಕ್ವೆನ್ಸ್ ಮಾಡ್ದಾಗ, ಅಂದ್ರೆ ಡಿಎನ್‌ಎ ಅಕ್ಷರಗಳನ್ನ ಓದ್ದಾಗ, 18% ಸ್ಯಾಂಪಲಲ್ಲಿ ಇಜಿಎಫ್‌ಆರ್ ಮ್ಯುಟೇಶನ್ (ಆ ಜೀನ್ ಕೆಟ್ಟಿರೋದು) ಮೊದ್ಲೇ ಇತ್ತು, ಆ ತುಣುಕಲ್ಲಿ ಕ್ಯಾನ್ಸರ್ ಮಾತ್ರ ಇರ್ಲಿಲ್ಲ. ಇಲಿಗಳಲ್ಲಿ ನೋಡಿದ್ರೆ ಈ ಕಣಗಳು ಉರಿಯೂತ ತರಿಸಿ, ಹಂಗೆ ಸುಮ್ನೆ ಕೂತಿದ್ದ ಕೋಶಗಳನ್ನ ಬೆಳೆಯೋ ಹಾಗೆ ಮಾಡ್ತಿದ್ವು. ಅಂದ್ರೆ ಗಡ್ಡೆ ಬೆಳೆಯೋಕೆ ರೋಡಿನ ಗಾಳಿ ಕಾರಣ ಆಗಿದ್ರೂ ಡಿಎನ್‌ಎಲಿ ಅದರ ಗುರುತು ಸಿಗಬೇಕು ಅಂತೇನಿಲ್ಲ. ಹಾಗಾಗಿ ನೂರಾರು ಜನರನ್ನ ಒಟ್ಟಿಗೆ ನೋಡ್ದಾಗ ಹೊಗೆಯ ಪಾತ್ರ ಗೊತ್ತಾಗುತ್ತೆ, ಅಮ್ಮ ಒಬ್ಬರ ರಿಪೋರ್ಟ್ ಹಿಡ್ಕೊಂಡು ಸೌದೆ ಒಲೆನಾ ರೋಡಾ ಅಂತ ಯಾರೂ ಬರ್ದು ಕೊಡೋಕಾಗಲ್ಲ.

ಎಂಜಲು ಟೆಸ್ಟ್ ಬೇಡ. ಅದು ಹೇಳೋದು ಅಪ್ಪ ಅಮ್ಮನಿಂದ ಬಂದಿದ್ದನ್ನ, ಹೊಗೆ ನಿಮ್ಮ ಶ್ವಾಸಕೋಶದಲ್ಲಿ ಮಾಡಿದ್ದನ್ನಲ್ಲ. ಹೊಗೆಯ ಹಾನಿ ಒಂದೊಂದು ಕೋಶದಲ್ಲಿ ಒಂದೊಂದು ಥರ ಇರುತ್ತೆ. ಮನೇಲಿ ಇನ್ನೂ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲೇ ಕ್ಯಾನ್ಸರ್ ಬಂದಿದ್ರೆ ಮಾತ್ರ ಅಮ್ಮನ ಡಾಕ್ಟ್ರಿಗೆ ಮರೀದೆ ಹೇಳಿ.

ಬಯಾಪ್ಸಿ ತುಣುಕು ಆಸ್ಪತ್ರೆ ಲ್ಯಾಬಲ್ಲಿ ಮೇಣದ ಬ್ಲಾಕ್ ಮಾಡಿ ಇಟ್ಟಿರ್ತಾರೆ, ಟೆಸ್ಟಿಗೆ ಅದು ಸಾಲುತ್ತಾ ಅಂತ ಇವತ್ತೇ ಕೇಳಿ. ಸಾಲ್ದಿದ್ರೆ ರಕ್ತದಲ್ಲೂ ನೋಡಬಹುದು, ಆದ್ರೆ ರಕ್ತದಲ್ಲಿ ನೆಗೆಟಿವ್ ಬಂದ್ರೆ ಅಷ್ಟಕ್ಕೇ ಬಿಡ್ಬೇಡಿ, ಇನ್ನೊಂದ್ಸಲ ಬಯಾಪ್ಸಿ ಬೇಕಾ ಅಂತ ಡಾಕ್ಟ್ರನ್ನ ಕೇಳಿ.