ಗೋಣಿಚೀಲದೊಳಗೆ ಬಚ್ಚಿಟ್ಟ ಸಂತೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ವಯಸ್ಸು, ಓಣಿ, ಮನೆಮಂದಿಯ ವಿವರ ಮತ್ತು ಮೊತ್ತಗಳನ್ನು ಬದಲಿಸಲಾಗಿದೆ.)

ಸಲಹಾರ್ಥಿ ಬಳ್ಳಾರಿಯವರು, ಮೂವತ್ತೆಂಟರ ಆಸುಪಾಸು. ಜೀನ್ಸ್ ಹೊಲಿಯುವ ಕಡೆಯಿಂದ ಪ್ಯಾಂಟಿನ ಕಟ್ಟು ತಂದು ಮನೆಯಲ್ಲಿ ದಾರ ಕತ್ತರಿಸಿ ಕೊಡುತ್ತಾರೆ. ಕೂಲಿ ಪೀಸಿನ ಲೆಕ್ಕ. ಲಾರಿ ಕೆಲಸಕ್ಕೆ ಹೋಗುತ್ತಿದ್ದ ಗಂಡ ಸೊಂಟಕ್ಕೆ ಪೆಟ್ಟಾದ ಮೇಲೆ ಭಾರ ಎತ್ತುವಂತಿಲ್ಲ. ಅತ್ತೆ, ಇಬ್ಬರು ಮಕ್ಕಳು ಸೇರಿ ಐದು ಜನ, ಬಿಪಿಎಲ್ ಕಾರ್ಡು. ಬಂದದ್ದು ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತದೆ ಎಂದು. ಮಾರ್ಟಿನ, ಅಂದರೆ ಸೂಪರ್ ಮಾರ್ಕೆಟ್ಟಿನ, ವಿಷಯ ಹೊರಬಿದ್ದದ್ದು ಮೊದಲ ಭೇಟಿ ಮುಗಿಯುವ ಹೊತ್ತಿಗೆ, ಅದೂ ತಲೆ ತಗ್ಗಿಸಿಕೊಂಡು.

ತಿಂಗಳಿಗೊಮ್ಮೆ ಇವರು ಮಾರ್ಟಿಗೆ ಹೋಗಿ ಬೇಳೆ, ಎಣ್ಣೆ, ಸಕ್ಕರೆ, ಸಾಬೂನು ತರುತ್ತಿದ್ದರು. ಒಂದು ಸಂಜೆ ಓಣಿಯ ಹೆಂಗಸೊಬ್ಬಳು ಬಾಗಿಲಲ್ಲೇ ಕೇಳಿದಳು: "ಏನವ್ವ, ಸರ್ಕಾರದ ರೊಕ್ಕ ಬಂತಂದ್ರ ಮಾರ್ಟಿಗೇ ಹೋಗ್ಬೇಕೇನು?" ಮರುವಾರ ಇವರು ಚೀಲ ಹಿಡಿದು ನಡೆಯುವ ಫೋಟೊ ನಾದಿನಿಯ ಕೈಸೇರಿ, ಅಲ್ಲಿಂದ ಮನೆತನದ ವಾಟ್ಸಾಪ್ ಗುಂಪಿಗೆ ಹೋಯಿತು. ಕೆಳಗೆ ಬರೆದದ್ದು: "ಅವ್ವನ ಗೃಹಲಕ್ಷ್ಮಿ ಮಾರ್ಟಿನ ಪಾಲು."

ಆಮೇಲೆ ಇವರು ಕಂಡುಕೊಂಡ ಉಪಾಯಗಳನ್ನು ಒಂದೊಂದಾಗಿ ಹೇಳಿಸಿ ಬರೆದುಕೊಳ್ಳಲಾಯಿತು. ಹತ್ತಿರದ ಮಾರ್ಟು ಬಿಟ್ಟು ಊರಿನ ಇನ್ನೊಂದು ತುದಿಯದಕ್ಕೆ ಹೋಗುವುದು. ಹೆಂಗಸರಿಗೆ ಸಿಟಿ ಬಸ್ಸು ಪುಕ್ಕಟೆ ಇದ್ದರೂ ಗುರುತಿನವರು ಸಿಕ್ಕಾರೆಂದು ಆಟೊ ಹಿಡಿಯುವುದು. ಮಾರ್ಟಿನ ಹೊರಗೇ ಸಾಮಾನನ್ನು ಹಳೇ ಗೋಣಿಚೀಲಕ್ಕೆ ತುಂಬಿ ಮೇಲೆ ಪುಂಡಿಸೊಪ್ಪಿನ ಕಟ್ಟು ಇಡುವುದು. ಬಿಲ್ ಹರಿದು ಮೋರಿಗೆ ಹಾಕುವುದು. ಕೊನೆಯದನ್ನು ಹೇಳುವಾಗ ಅತ್ತರು: ಬಿಸ್ಕೀಟು ಎಲ್ಲಿಂದ ತಂದರು ಎಂದು ಯಾರಾದರೂ ಕೇಳಿದರೆ "ಮಾಮ ಕೊಟ್ಟ" ಅನ್ನಬೇಕೆಂದು ಏಳು ವರ್ಷದ ಮಗಳಿಗೆ ಕಲಿಸಿದ್ದು.

ಖಿನ್ನತೆಯ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಅಂಕ 27ಕ್ಕೆ 11. ಹತ್ತರಿಂದ ಹದಿನಾಲ್ಕರವರೆಗೆ ಮಧ್ಯಮ ಎಂದು ಹಿಡಿಯುತ್ತೇವೆ. ಸಾಯುವ ಯೋಚನೆ ಬಂದಿದೆಯೇ ಎಂಬ ಒಂಬತ್ತನೆಯ ಪ್ರಶ್ನೆಯನ್ನು ಸುತ್ತಿ ಬಳಸದೆ ನೇರವಾಗಿ ಕೇಳಲಾಯಿತು, ಇಲ್ಲ ಎಂದರು. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ನ್ನು ಮೊಬೈಲಿನಲ್ಲಿ ಸೇರಿಸಿ ಕೊಟ್ಟು, ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರ ಬಳಿಗೆ ಕಳಿಸುವುದೆಂದು ಗೊತ್ತುಮಾಡಲಾಯಿತು. ಅದರ ಅಗತ್ಯ ಬೀಳಲಿಲ್ಲ.

ಮೊದಲು ಬಗೆಹರಿಸಬೇಕಾದದ್ದು ಭಯ. "ಯಾರರ ಅರ್ಜಿ ಕೊಟ್ರ ಕಾರ್ಡ್ ತೆಗೀತಾರ" ಎಂಬುದು ಅವರ ಎದೆಯಲ್ಲಿ ಕೂತಿತ್ತು. ಇಂಥ ಕಡೆ "ಏನೂ ಆಗಲ್ಲ ಬಿಡಿ" ಅಂದರೆ ಕೆಲಸಕ್ಕೆ ಬರುವುದಿಲ್ಲ. ಮಾನದಂಡಗಳನ್ನೇ ಮುಂದಿಟ್ಟು ಓದಬೇಕು. ಆದಾಯ ತೆರಿಗೆ ಕಟ್ಟುವವರು, ವರ್ಷದ ಆದಾಯ 1.20 ಲಕ್ಷ ದಾಟಿದವರು, 3 ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಉಳ್ಳವರು, ಸರ್ಕಾರಿ ನೌಕರರು, ದುಡಿಮೆಗಲ್ಲದೆ ಸ್ವಂತ ಓಡಾಟಕ್ಕೆ ನಾಲ್ಕು ಚಕ್ರದ ಗಾಡಿ ಇಟ್ಟವರು, ನಗರದಲ್ಲಿ 1,000 ಚದರಡಿಗಿಂತ ದೊಡ್ಡ ಪಕ್ಕಾ ಮನೆಯವರು ಬಿಪಿಎಲ್‌ಗೆ ಬರುವುದಿಲ್ಲ. ಬೇಳೆ ಯಾವ ಅಂಗಡಿಯಲ್ಲಿ ತಂದಿರಿ ಎಂಬ ಪ್ರಶ್ನೆ ಇದರಲ್ಲೆಲ್ಲೂ ಇಲ್ಲ. ರೇಷನ್ ಅಕ್ಕಿಯನ್ನು ಮಾರಿಕೊಂಡರೆ ಮಾತ್ರ ನಿಜವಾದ ತಪ್ಪು, ಇವರು ಮಾರಿಲ್ಲ. ಇನ್ನು ಗೃಹಲಕ್ಷ್ಮಿಯ 2,000 ಬಿಪಿಎಲ್‌ಗಷ್ಟೇ ಇರುವುದೂ ಅಲ್ಲ. ತೆರಿಗೆ ಮತ್ತು ಜಿಎಸ್‌ಟಿ ಕಟ್ಟದ ಎಪಿಎಲ್ ಮನೆಯ ಯಜಮಾನಿಗೂ ಬರುತ್ತದೆ. ಆಡಿಕೊಂಡ ಹೆಂಗಸಿನ ಖಾತೆಗೂ ಬರುತ್ತಿತ್ತು. ಇದು ಗೊತ್ತಾದಾಗ ಸಲಹಾರ್ಥಿ ಮೊದಲ ಸಲ ನಕ್ಕರು, ಆದರೆ ಮರುಗಳಿಗೆ "ಆಕಿ ಮಾರ್ಟಿಗೆ ಹೋಗೂದಿಲ್ಲಲ್ರಿ ಮೇಡಂ" ಎಂದರು. ಅಂದರೆ ನಿಯಮ ತಿಳಿದಷ್ಟಕ್ಕೆ ನಾಚಿಕೆ ಹೋಗಲಿಲ್ಲ.

ಓಣಿಗೆ ಕಾಣುವುದು ಚೀಲ ಮಾತ್ರ. ಅದು ಯಾಕೆ ಅಷ್ಟು ತುಂಬಿತ್ತು ಎಂಬುದು ಕಾಣುವುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಆಗ ಸಿಗುತ್ತಿದ್ದದ್ದು ಮುಖ್ಯವಾಗಿ ಧಾನ್ಯ: 2013ರ ಆಹಾರ ಭದ್ರತಾ ಕಾಯ್ದೆಯಂತೆ ತಲೆಗೆ 5 ಕೆಜಿ, ಅದರ ಮೇಲೆ ರಾಜ್ಯದ ಪಾಲು. ಬೇಳೆ, ಎಣ್ಣೆ, ಚಾಪುಡಿ, ಸಾಬೂನು ಎಲ್ಲಿಯಾದರೂ ಕೊಳ್ಳಲೇಬೇಕಿತ್ತು. ಗೃಹಲಕ್ಷ್ಮಿ ಕಂತು ತಿಂಗಳ ತಿಂಗಳ ತಪ್ಪದೆ ಬೀಳುವುದೂ ಇಲ್ಲ. ಕೆಲವೊಮ್ಮೆ ಎರಡು ಕಂತು ಕೂಡಿ 4,000 ಬರುತ್ತದೆ. ಬಂದಾಗ ಎರಡು ತಿಂಗಳ ಸಾಮಾನು ಒಟ್ಟಿಗೆ ತಂದರೆ ನೋಡುವವರಿಗೆ ಅದು ಧಾರಾಳ. ಬರದ ಎರಡು ತಿಂಗಳು ಅವರು ಹತ್ತು ರೂಪಾಯಿಯ ಪೊಟ್ಟಣದಲ್ಲಿ ದಿನ ತಳ್ಳಿದ್ದನ್ನು ಯಾರೂ ಫೋಟೊ ತೆಗೆಯುವುದಿಲ್ಲ.

ಅಮೆರಿಕದಲ್ಲಿ 1939ರಲ್ಲಿ ಬಡವರಿಗೆ ಆಹಾರಕ್ಕಾಗಿ ಕಿತ್ತಳೆ ಮತ್ತು ನೀಲಿ ಬಣ್ಣದ ಚೀಟಿ ಕೊಡುತ್ತಿದ್ದರು. ಗಲ್ಲೆಯ ಮುಂದೆ ನಿಂತ ಎಲ್ಲರಿಗೂ ಇವರು ಯಾರೆಂದು ಗೊತ್ತಾಗುತ್ತಿತ್ತು. 2004ರ ಹೊತ್ತಿಗೆ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಸಾದಾ ಪ್ಲಾಸ್ಟಿಕ್ ಕಾರ್ಡು ಬಂತು. ನಮ್ಮ ಗೃಹಲಕ್ಷ್ಮಿ ರೊಕ್ಕಕ್ಕೆ ಮೊದಲಿನಿಂದಲೂ ಬಣ್ಣವಿಲ್ಲ. ಮಾರ್ಟಿನ ಗಲ್ಲೆಯಲ್ಲಿ ಕೂತವರಿಗೆ ಏನೂ ತಿಳಿಯದು, ತಿಳಿದಿರುವುದು ಓಣಿಗೆ.

ಎರಡನೆಯ ಭೇಟಿಗೆ ನೋಟುಪುಸ್ತಕ ತರಿಸಲಾಯಿತು. ಮಾರ್ಟು ಅಗ್ಗ ಎಂದು ಒಪ್ಪಿಸುವುದು ನಮ್ಮ ಕೆಲಸವಲ್ಲ, ಬಚ್ಚಿಡುವುದಕ್ಕೆ ಎಷ್ಟು ಖರ್ಚಾಗುತ್ತಿದೆ ಎಂದು ಅವರೇ ನೋಡಬೇಕಿತ್ತು. ತಿಂಗಳ ಬಳಕೆಯಲ್ಲಿ ತೊಗರಿಬೇಳೆ 3 ಕೆಜಿ, ಕಿರಾಣಿಗಿಂತ ಕೆಜಿಗೆ 18 ಕಡಿಮೆ, ಉಳಿದದ್ದು 54. ಎಣ್ಣೆ 4 ಪಾಕೀಟು, ತಲಾ 12ರಂತೆ 48. ಸಕ್ಕರೆಯಲ್ಲಿ 12. ಚಾಪುಡಿ, ಸಾಬೂನು, ಬಟ್ಟೆಸೋಪಿನ ಪುಡಿ ಸೇರಿ 70. ಒಟ್ಟು ಉಳಿತಾಯ 184 ರೂಪಾಯಿ. ದೂರದ ಮಾರ್ಟಿಗೆ ಹೋಗಿಬರುವ ಆಟೊ 120. ಉಳಿದದ್ದು 64. ಅದರ ಮೇಲೆ "ಎರಡು ಕೊಂಡರೆ ಒಂದು ಪುಕ್ಕಟೆ" ನೋಡಿ ಚೀಟಿಯಲ್ಲಿಲ್ಲದ್ದಕ್ಕೆ ಹಾಕಿದ್ದು 110. ಕೈಯಿಂದಲೇ 46 ಹೋಗಿತ್ತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟ್ ಮುಚ್ಚಿಟ್ಟಿದ್ದಕ್ಕ ಇದಾ?"

ಅಲ್ಲಿಗೆ ಕೊಟ್ಟ ಸಲಹೆ: ಹತ್ತಿರದ ಮಾರ್ಟು, ಪುಕ್ಕಟೆ ಬಸ್ಸು, ಕೈಯಲ್ಲಿ ಬರೆದ ಚೀಟಿ, ಚೀಟಿಗೆ ತಕ್ಕಷ್ಟೇ ನಗದು. ಫೋನ್‌ಪೇ ಬೇಡ, ಗಲ್ಲೆಯಲ್ಲಿ ಕೈ ತಡೆಯುವುದು ನಗದು ಮುಗಿದಾಗ. ಪ್ಯಾಕೆಟ್ಟಿನ ಬೆಲೆಯಲ್ಲ, ಕೆಜಿಯ ಬೆಲೆ ನೋಡಬೇಕು. ಕಾಯಿಪಲ್ಯ ಮಾರ್ಟಿನಲ್ಲಿ ಬೇಡವೇ ಬೇಡ, ಸಂಜೆ ಸಂತೆಯ ದರಕ್ಕೆ ಅದು ನಿಲ್ಲದು.

ಮೂರನೆಯ ಭೇಟಿಯಲ್ಲಿ ಪ್ರಕರಣ ಬೇರೆ ಕಡೆ ತಿರುಗಿತು. ಯಾರ ಮಾತು ಹೆಚ್ಚು ಚುಚ್ಚಿತು ಎಂದಾಗ ಆ ಹೆಂಗಸನ್ನೂ ಹೇಳಲಿಲ್ಲ, ನಾದಿನಿಯನ್ನೂ ಹೇಳಲಿಲ್ಲ. ಓಣಿಯ ಕಿರಾಣಿ ಅಂಗಡಿಯವರು. ಅವರು ಏನೂ ಅಂದೇ ಇರಲಿಲ್ಲ. ಗಂಡ ಬಿದ್ದಾಗ ಏಳು ತಿಂಗಳು ಉದ್ರಿ ಕೊಟ್ಟವರು ಅವರು; ಈಗ ಅಂಗಡಿ ಮುಂದೆ ಹಾಯುವಾಗ ಸಲಹಾರ್ಥಿಯೇ ಮುಖ ಆಚೆ ತಿರುಗಿಸುತ್ತಾರೆ. ಅವರ ಖಾತೆಪುಸ್ತಕದಲ್ಲಿ ಇನ್ನೂ 1,850 ಬಾಕಿ ಇತ್ತು.

ಇದನ್ನು ಗುರುತಿಸುವುದು ಸುಲಭವಲ್ಲ. "ಜನ ಆಡಿಕೊಳ್ಳಲಿ ಬಿಡಿ" ಎಂಬ ಸಿದ್ಧ ಸಲಹೆ ಕೊಟ್ಟಿದ್ದರೆ ಈ ಗಂಟು ಹಾಗೇ ಉಳಿಯುತ್ತಿತ್ತು. ಎಲ್ಲ ನಾಚಿಕೆಯೂ ಪರರು ಹೊರಿಸಿದ್ದಲ್ಲ. ಇವರ ಎದೆಭಾರದಲ್ಲಿ ಎರಡು ಬೆರೆತಿದ್ದವು: ಬಡವರು ಇಂಥಲ್ಲೇ ಕೊಳ್ಳಬೇಕೆಂಬ ಓಣಿಯ ತೀರ್ಪು ಒಂದು, ಕಷ್ಟದಲ್ಲಿ ಕೈಹಿಡಿದವರ ಬಾಕಿ ತೀರಿಸದೆ ನಗದನ್ನು ಬೇರೆ ಕಡೆ ಒಯ್ದ ಸಂಕಟ ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡಬೇಕಿಲ್ಲ. ಎರಡನೆಯದಕ್ಕೆ ದಾರಿ ಇದೆ.

ನಾಲ್ಕು ತಿಂಗಳ ಲೆಕ್ಕ ಹಾಕಲಾಯಿತು: ಮೊದಲ ತಿಂಗಳು 500, ಉಳಿದ ಮೂರು ತಿಂಗಳು 450ರಂತೆ. ಪ್ರತಿ ಸಲ ಅವರ ಪುಸ್ತಕದಲ್ಲಿ ಜಮಾ ಬರೆಸಿ, ತಮ್ಮ ಪುಸ್ತಕದಲ್ಲೂ ತಾರೀಖು ಹಾಕಿಸಿಕೊಳ್ಳುವುದು. ಬಾಕಿ ತೀರುವವರೆಗೆ ಹೊಸ ಉದ್ರಿ ಇಲ್ಲ. ಉಪ್ಪು, ಬೆಲ್ಲ, ಶೇಂಗಾ, ಅರ್ಧ ಪಾವು ಬೇಕಾಗುವ ಬಿಡಿ ಸಾಮಾನು ಅಲ್ಲೇ, ನಗದಿಗೆ. ಮೊದಲ ಸಲ ಹೋದಾಗ ಬಾಯಿ ಕಟ್ಟೀತೆಂದು ಮಾತು ಗಟ್ಟಿಮಾಡಿಸಲಾಯಿತು: "ಅಣ್ಣಾರ, ನಿಮ್ ಬಾಕಿ ಐತಿ, ತಿಂಗಳಾ ತಿಂಗಳಾ ಕೊಡ್ತೀನ್ರಿ." ಅಂಗಡಿಯವರು ರೊಕ್ಕ ಎಣಿಸಿಕೊಂಡು, "ಕೊಡ್ತೀ ಅಂತ ಗೊತ್ತಿತ್ತವ್ವ, ನೀ ಮಾತಾಡ್ಸೂದು ಬಿಟ್ಟಿದ್ದಕ್ಕ ಬ್ಯಾಸರ ಆಗಿತ್ತು" ಎಂದರಂತೆ.

ಓಣಿಯ ಮುಂದೆ ಹಾಯುವ ಅಭ್ಯಾಸವನ್ನು ಮೆಟ್ಟಿಲಿನಂತೆ ಜೋಡಿಸಲಾಯಿತು. ಬಿಲ್ ಹರಿಯದೆ ಮನೆಯಲ್ಲಿಡುವುದು, ಗೋಣಿಚೀಲ ಬಿಟ್ಟು ಮಾರ್ಟಿನ ಚೀಲದಲ್ಲೇ ಮುಸ್ಸಂಜೆ ತರುವುದು, ನಂತರ ಹಗಲಲ್ಲಿ, ಕೊನೆಗೆ ಅತ್ತೆಯ ಜೊತೆ. ಒಂದೊಂದು ಮೆಟ್ಟಿಲಿಗೂ ಭಯ ಹತ್ತಕ್ಕೆ ಎಷ್ಟು ಎಂದು ಹೋಗುವ ಮುನ್ನ, ಬಂದ ಮೇಲೆ ಬರೆಯಬೇಕು; ಮೂರಕ್ಕೆ ಇಳಿಯದೆ ಮುಂದಿನದಕ್ಕೆ ಕಾಲಿಡಬಾರದು.

ಮೂರನೆಯ ಮೆಟ್ಟಿಲಲ್ಲಿ ಎಡವಿದರು. ಆ ಹೆಂಗಸು ಎದುರಾಗಿ "ಮತ್ತ ಮಾರ್ಟಾ?" ಅಂದಾಗ ಬೇಳೆಯ ದರ, ಎಣ್ಣೆಯ ದರ, ಕಂತು ತಡವಾದದ್ದು ಎಲ್ಲವನ್ನೂ ನಿಂತಲ್ಲೇ ಒಪ್ಪಿಸಿಬಿಟ್ಟರು. ಆ ರಾತ್ರಿ ಭಯ ನಾಲ್ಕರಿಂದ ಎಂಟಕ್ಕೆ ಏರಿತು. ತಪ್ಪು ನಮ್ಮದೂ ಹೌದು: ಲೆಕ್ಕ ಕಲಿಸಿದ್ದೆವು, ಅದು ಯಾರಿಗೆ ಎಂದು ಬಿಡಿಸಿ ಹೇಳಿರಲಿಲ್ಲ. ವಿವರಣೆ ಕೊಡುತ್ತ ಹೋದಷ್ಟೂ ಕೇಳುವವರಿಗೆ ಕೇಳುವ ಹಕ್ಕಿದೆ ಎಂದು ಒಪ್ಪಿದಂತೆ. ಮುಂದಿನ ಸಲ ಇನ್ನೂ ಎರಡು ಪ್ರಶ್ನೆ ಬರುತ್ತವೆ. ಬದಲಿಗೆ ಒಂದೇ ಸಾಲು ಕೊಡಲಾಯಿತು, "ಹೂನ್ರಿ, ಸಂತಿ ಮಾಡ್ಕೊಂಡ್ ಬಂದೆ", ಅಷ್ಟಂದು ಕಾಲು ನಿಲ್ಲಿಸದೆ ನಡೆಯುವುದು. ಭೇಟಿಯ ಕೋಣೆಯಲ್ಲೇ ಹತ್ತು ಸಲ ನಡೆದು ಆಡಿಸಿದೆವು. ಹತ್ತನೆಯದು ಇವರ ಬಾಯಲ್ಲಿ ಕೊಂಚ ಸೊಕ್ಕಿನಿಂದಲೇ ಬಂತು, ತಿದ್ದಲಿಲ್ಲ.

ನಾಲ್ಕನೆಯ ಭೇಟಿಗೆ ಅತ್ತೆಯನ್ನು ಕರೆಸಲಾಯಿತು. ಕಾಯ್ದೆಯಂತೆ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ. ಹಾಗಾಗಿ ಕಂತು ಬೀಳುವುದು ಅತ್ತೆಯ ಖಾತೆಗೆ, ಸಾಮಾನು ತರುವವರು ಸೊಸೆ. ನಾದಿನಿಯ ಮಾತಿನ ಬೇರು ಇಲ್ಲಿತ್ತು. ಅತ್ತೆಗೆ ಮಾರ್ಟಿನ ಮೇಲೆ ಸಿಟ್ಟೇ ಇರಲಿಲ್ಲ, "ನನ್ ಹೆಸರಿನ ರೊಕ್ಕ, ನನ್ ಕೈಗೆ ಒಂದು ನೋಟೂ ಬರ್ವಲ್ದು" ಎಂಬುದಷ್ಟೇ. ಅಂದಿನಿಂದ ರೊಕ್ಕ ತೆಗೆಯುವಾಗ ಇಬ್ಬರೂ ಹೋಗುವುದು, ಪಾಸ್‌ಬುಕ್ಕು ಅತ್ತೆಯ ಪೆಟ್ಟಿಗೆಯಲ್ಲಿ, ಕಂತಿಗೆ 300 ಅವರ ಕೈಗೆ, ಅದಕ್ಕೆ ಲೆಕ್ಕ ಕೇಳುವಂತಿಲ್ಲ. ಮೊದಲ 300ರಲ್ಲಿ ಅವರು ಎಲೆಅಡಿಕೆ ತಂದರು, ಉಳಿದದ್ದನ್ನು ಮೊಮ್ಮಗಳಿಗೆ ಕೊಟ್ಟರು.

ಫೋಟೊದ ವಿಷಯದಲ್ಲಿ: ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ, ಗುಂಪಿನಲ್ಲಿ ಉತ್ತರ ಬರೆಯಬೇಡಿ, ಅಳಿಸುವಂತೆ ಗಂಡ ಒಂದು ಸಲ ಫೋನಿನಲ್ಲಿ ಹೇಳಲಿ ಎಂದು ಸೂಚಿಸಲಾಯಿತು. ನಾದಿನಿ ಅಳಿಸಿದರು, ಕ್ಷಮೆ ಕೇಳಲಿಲ್ಲ.

ಮಗಳ ಸುಳ್ಳನ್ನು ತಾಯಿಯೇ ಬಿಡಿಸಬೇಕಿತ್ತು. "ನಾ ಹೇಳಿಕೊಟ್ಟಿದ್ದು ತಪ್ಪು, ಬಿಸ್ಕೀಟು ಮಾರ್ಟಿಂದ ನಾನ ತಂದಿದ್ದು" ಎಂದು ಊಟದ ಹೊತ್ತಿಗೆ ಹೇಳಿದರು. ಈಗ ಚೀಟಿಗೆ ಬಿಲ್ ತಾಳೆ ನೋಡುವ ಕೆಲಸ ಆ ಹುಡುಗಿಯದು.

ಐದನೆಯ ಭೇಟಿಯಲ್ಲಿ ಅಂಕ 5, ನಿದ್ದೆ ರಾತ್ರಿ ಆರು ತಾಸು. ಅತ್ತೆಯ ಜೊತೆ ಹಗಲಲ್ಲಿ ಒಮ್ಮೆ ಹೋಗಿಬಂದಿದ್ದರು. ಕಿರಾಣಿಯ ಬಾಕಿ 900 ಉಳಿದಿತ್ತು. ನಾದಿನಿಯೊಂದಿಗೆ ಮಾತಿಲ್ಲ, ಸದ್ಯಕ್ಕೆ ಬೇಕೆಂದೂ ಅವರಿಗೆ ಅನ್ನಿಸಿಲ್ಲ. ಎರಡು ತಿಂಗಳ ಬಳಿಕ ಫೋನ್ ಮಾಡಿ ವಿಚಾರಿಸುವುದೆಂದು ಕಡತದಲ್ಲಿ ಬರೆಯಲಾಗಿದೆ.