ಬೆಕ್ಕನ್ನು ಹಿಡಿಯಲು ಮರ ಹತ್ತಬೇಡಿ, ಅದಕ್ಕೊಂದು ಸಂಕ ಹಾಕಿ

ನಿನ್ನೆ ಸಂಜೆಯಿಂದ ಹಲಸಿನ ಮರದ ಮೇಲೆ ಕುಳಿತು ಕೂಗುತ್ತಿರುವ ಬೆಕ್ಕನ್ನು ಏಣಿ ಹಾಕಿ ನೀವೇ ಹತ್ತಿ ಹಿಡಿಯಬೇಕೇ, ಅಗ್ನಿಶಾಮಕ ದಳದವರನ್ನು ಕರೆಯಬೇಕೇ, ಇಲ್ಲವೇ ಹಸಿವಾದಾಗ ತಾನೇ ಇಳಿಯಲೆಂದು ಬಿಡಬೇಕೇ ಎಂದು ಕೇಳಿದ್ದೀರಿ. ಮೊದಲನೆಯದನ್ನು ಮಾಡಿ ನನ್ನ ಬೆಕ್ಕಿನ ಕಾಲು ಮುರಿಸಿದವನು ನಾನು.

ಆರು ವರ್ಷಗಳ ಹಿಂದಿನ ಆಷಾಢದ ಮಾತು. ಸಾಗರ ತಾಲ್ಲೂಕಿನ ಒಳಭಾಗದಲ್ಲಿ, ತೋಟದ ಮೇಲಿನ ಧರೆಗೆ (ಕಡಿದಾದ ಮಣ್ಣಿನ ದಿಬ್ಬಕ್ಕೆ) ಅಂಟಿಕೊಂಡಂತೆ ನಮ್ಮ ಮನೆಯಿದೆ. ಧರೆಯ ಅಂಚಿನಲ್ಲಿ ಅಜ್ಜನ ಕಾಲದ ಒಂದು ಹಲಸಿನ ಮರವಿದೆ. ಎರಡು ನಾಯಿಗಳು ಅಟ್ಟಿಸಿಕೊಂಡು ಬಂದಾಗ ನಮ್ಮ ಚುಮ್ಮಿ ಆ ಮರವನ್ನೇರಿತು. ಮೊದಲ ಕವಲು ನೆಲದಿಂದ ಸುಮಾರು 20 ಅಡಿ ಎತ್ತರದಲ್ಲಿದೆ. ಅದು ಅಲ್ಲಿಯೂ ನಿಲ್ಲದೆ ಇನ್ನೂ 15 ಅಡಿ ಮೇಲೆ ಹೋಗಿ, ತೋಟದ ಕಡೆಗೆ ಚಾಚಿದ ಕೊಂಬೆಯೊಂದರ ಮೇಲೆ ಮುದುಡಿ ಕುಳಿತಿತು. ರಾತ್ರಿಯಿಡೀ ಮಳೆ ಸುರಿಯಿತು. ಮಳೆಯ ಸದ್ದು ಸ್ವಲ್ಪ ತಗ್ಗಿದಾಗಲೆಲ್ಲ ಅದರ ಕೂಗು ಕೇಳುತ್ತಿತ್ತು. ಅಮ್ಮ ಎರಡು ಬಾರಿ ಟಾರ್ಚು ಹಿಡಿದು ಹೋಗಿ ನೋಡಿ ಬಂದರು, ನಾನು ಒಂದು ಬಾರಿ ಹೋದೆ.

ಬೆಳಿಗ್ಗೆ ನಮ್ಮ ತೋಟದ ಕೊನೆಗೌಡನನ್ನು, ಅಂದರೆ ಅಡಿಕೆಯ ಕೊನೆ (ಗೊನೆ) ಕೊಯ್ಯುವವನನ್ನು, ಕರೆಸಿದೆ. ಅರವತ್ತು ಅಡಿಯ ಅಡಿಕೆ ಮರವನ್ನು ಉಸಿರು ಬಿಡದಂತೆ ಹತ್ತಿ, ಮೇಲಿನಿಂದಲೇ ಪಕ್ಕದ ಮರಕ್ಕೆ ದಾಟಿಕೊಳ್ಳುವ ಮನುಷ್ಯನಿಗೆ ಈ ಹಲಸು ಯಾವ ಲೆಕ್ಕ ಎಂಬುದು ನನ್ನ ಎಣಿಕೆಯಾಗಿತ್ತು. ಆತ ಮರದ ಸುತ್ತ ಒಂದು ಸುತ್ತು ಬಂದು, ಪಾಚಿ ಕಟ್ಟಿದ ಬೊಡ್ಡೆಯ ಮೇಲೆ ಅಂಗೈ ಒತ್ತಿ, ನೀರು ಜಿನುಗಿದ್ದನ್ನು ನನಗೇ ತೋರಿಸಿ, "ಇದು ಅಪ್ಪಿಕೊಳ್ಳೋ ಮರ ಅಲ್ಲ ಭಟ್ರೇ. ಸೊಪ್ಪು ಕಡಿಯೋರನ್ನ ಕರೀರಿ. ಮಳೆನೂ ಒಂಚೂರು ಬಿಡಲಿ" ಎಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಕಾಲಿಗೆ ತಳೆ (ಕುಣಿಕೆ) ಹಾಕಿ ಹತ್ತುವ ವಿದ್ಯೆ ತೋಳಿನಲ್ಲಿ ಹಿಡಿಯುವಷ್ಟು ಸಣ್ಣ, ನೆಟ್ಟಗಿನ ಮರಕ್ಕೆ ಹೇಳಿ ಮಾಡಿಸಿದ್ದು. ಸೊಪ್ಪಿನಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ಕಡಿದು ತರುವ ಕಾಡಿನ, ದಪ್ಪ ಮರಗಳಲ್ಲಿ ಕವಲಿನಿಂದ ಕವಲಿಗೆ ಹಗ್ಗ ಹಾಕಿಕೊಂಡು ಹೋಗುವ ವಿದ್ಯೆಯೇ ಬೇರೆ. ಈ ವ್ಯತ್ಯಾಸ ಹುಟ್ಟಿದಂದಿನಿಂದ ತೋಟ ನೋಡಿದ ನನಗೆ ಗೊತ್ತಿರಬೇಕಿತ್ತು.

ಹತ್ತು ಗಂಟೆಯ ಹೊತ್ತಿಗೆ ಒಂದಿಷ್ಟು ಹೊಳವಾಯಿತು. ಮತ್ತೆ ಮಳೆ ಹಿಡಿಯುವುದರೊಳಗೆ ಮುಗಿಸಿಬಿಡೋಣವೆಂದು ಅಲ್ಯೂಮಿನಿಯಂ ಏಣಿಯನ್ನು ಮೊದಲ ಕವಲಿಗೆ ಆನಿಸಿ, ಹಗ್ಗದಿಂದ ಬಿಗಿದು, ನಾನೇ ಹತ್ತಿದೆ. ಕವಲಿನಿಂದ ಮೇಲೆ ಕೊಂಬೆಗಳನ್ನು ಹಿಡಿದು ಹೋಗುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟ ಕೊಟ್ಟದ್ದು ಚಗಳಿ ಎಂಬ ಕೆಂಪಿರುವೆ. ಎಲೆಗಳನ್ನು ಹೆಣೆದು ಕಟ್ಟಿದ್ದ ಗೂಡಿಗೆ ಮೊಣಕೈ ತಾಗಿ, ಅವು ತೋಳಿನೊಳಗಿಂದ ಕುತ್ತಿಗೆಯವರೆಗೂ ಹರಿದವು. ಚಗಳಿ ಚಟ್ನಿ ತಿನ್ನುವವರ ಮೇಲೆ ಅವುಗಳಿಗೆ ಸಿಟ್ಟಿದ್ದರೆ ನ್ಯಾಯ, ಚಟ್ನಿಯನ್ನು ಮೂಸಿಯೂ ನೋಡದ ನನ್ನ ಮೇಲೇಕೆ ಎಂದು ಆಮೇಲೆ ಅನ್ನಿಸಿತು. ಆಗ ಅನ್ನಿಸಿದ್ದು ಬೇಗ ಮುಗಿಸಬೇಕೆಂದು ಮಾತ್ರ.

ಇಲ್ಲಿಂದ ಮುಂದಿನದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಲ್ಲವೂ ಕೆಟ್ಟದ್ದು ಇಲ್ಲೇ. ಬೆಕ್ಕು ಕುಳಿತಿದ್ದ ಕೊಂಬೆ ಬೊಡ್ಡೆಯಿಂದ ಹೊರಡುವ ಸಂದಿಗೆ ನಾನು ತಲುಪಿದಾಗ, ಅದು ನನ್ನನ್ನು ಗುರುತಿಸಿ, ಎದ್ದು, ನನ್ನ ಕಡೆಗೆ ಎರಡು ಹೆಜ್ಜೆ ಬಂದಿತು. ಈ ಎರಡು ಹೆಜ್ಜೆಗಳನ್ನು ನೆನಪಿಟ್ಟುಕೊಳ್ಳಿ. ಬಂದೇ ಬಿಟ್ಟಿತೆಂಬ ಸಂತೋಷದಲ್ಲಿ ನಾನು ಆ ಸಂದಿಯಲ್ಲೇ, ಕೊಂಬೆಯ ಎರಡೂ ಕಡೆ ಕಾಲು ಇಳಿಬಿಟ್ಟು ಗಟ್ಟಿಯಾಗಿ ಕುಳಿತು, ಕೈ ಚಾಚಿದೆ. ಅದು ನಿಂತಿತು. ನಾನು ಒಂದು ಮೊಳ ಮುಂದೆ ಜರುಗಿದೆ, ಅದು ಒಂದು ಮೊಳ ಹಿಂದೆ ಹೋಯಿತು. ಮತ್ತೆ ಜರುಗಿದೆ, ಮತ್ತೆ ಹೋಯಿತು. "ಬಾ ಚುಮ್ಮಿ, ಬಾ ಬಾ" ಎಂದು ಮನೆಯಲ್ಲಿ ಹಾಲಿಗೆ ಕರೆಯುವ ದನಿಯಲ್ಲೇ ಕರೆಯುತ್ತ, ನನ್ನ ಬೆಕ್ಕನ್ನು ನಾನೇ ಕೊಂಬೆಯ ತುದಿಗೆ ಅಟ್ಟುತ್ತಿದ್ದೆ. ತುದಿ ಬಾಗಿತು. ಹಿಂಗಾಲು ಜಾರಿ, ಮುಂಗಾಲಿನ ಉಗುರುಗಳಲ್ಲಿ ಒಂದು ಕ್ಷಣ ನೇತಾಡಿ, ಕೆಳಗಿನ ಕಲ್ಲಿನ ಪಾಗಾರದ ಮೇಲೆ ಬಿದ್ದಿತು.

ಬಹಳ ಕಾಲ ನಾನು ಇದಕ್ಕೆ ಮಳೆಯನ್ನು ದೂರಿದೆ, ಕೊಂಬೆಯನ್ನು ದೂರಿದೆ, ಚಗಳಿಯನ್ನಂತೂ ಧಾರಾಳವಾಗಿ ದೂರಿದೆ. ನಿಜ ಹೊಳೆದದ್ದು ಮರುವರ್ಷ, ತೋಟದ ಹಳ್ಳಕ್ಕೆ ಹಾಕಿದ ಒಂಟಿ ದಬ್ಬೆಯ (ಸೀಳಿದ ಅಡಿಕೆ ಮರದ) ಸಂಕದ, ಅಂದರೆ ಕಾಲುಸೇತುವೆಯ, ನಡುವೆ ನಾನು ಇರುವಾಗ ಆಚೆಯಿಂದ ಹುಲ್ಲಿನ ಹೊರೆ ಹೊತ್ತವರೊಬ್ಬರು ಎದುರಾದಾಗ. ಸಂಕದ ಮೇಲೆ ಇಬ್ಬರು ಎದುರಾದರೆ ಒಬ್ಬರು ಹಿಂದಕ್ಕೆ ಹೋಗಲೇಬೇಕು; ಇದನ್ನು ನಮ್ಮಲ್ಲಿ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಬೆಕ್ಕಿಗೆ ಆ ಕೊಂಬೆಯೇ ಸಂಕ, ಬೊಡ್ಡೆಯೇ ದಡ. ಅದು ಆ ಎರಡು ಹೆಜ್ಜೆ ಇಟ್ಟದ್ದು ನನ್ನ ಕೈಗೆ ಸಿಗುವುದಕ್ಕಾಗಿ ಆಗಿರಲಿಲ್ಲ. ದಡದ ಕಡೆಗೆ ಹೊರಟಿತ್ತು. ನಾನು ಹೋಗಿ ದಡವನ್ನೇ ಮುಚ್ಚಿ ಕುಳಿತೆ. ಅದಕ್ಕೆ ಉಳಿದದ್ದು ಹಿಂದಕ್ಕೆ ಹೋಗುವ ದಾರಿಯೊಂದೇ, ಹಿಂದೆ ದಡವಿರಲಿಲ್ಲ. ನಾನು ಸಂದಿಯನ್ನು ಬಿಟ್ಟು, ಒಂದಾಳು ಮೇಲಕ್ಕೆ ಹೋಗಿ ಬೇರೆ ಕೊಂಬೆಯಲ್ಲಿ ಸುಮ್ಮನೆ ಕುಳಿತಿದ್ದರೂ ಅದು ನನ್ನ ಕೆಳಗಿನಿಂದ ಕವಲಿಗೆ ಬರುತ್ತಿತ್ತು ಎಂದು ಈಗಲೂ ನನಗೆ ಅನ್ನಿಸುತ್ತದೆ.

"ಬೆಕ್ಕು ಎಲ್ಲಿಂದ ಬಿದ್ದರೂ ನಾಲ್ಕು ಕಾಲಿನ ಮೇಲೇ ನಿಲ್ಲುತ್ತದೆ" ಎಂದು ಆ ದಿನ ಸಮಾಧಾನ ಹೇಳಿದವರು ಹಲವರು. ಬೆಕ್ಕು ಗಾಳಿಯಲ್ಲೇ ಮೈ ತಿರುಗಿಸಿಕೊಂಡು ಕಾಲು ಕೆಳಗೆ ಮಾಡಿಕೊಳ್ಳುವುದು ನಿಜ. ಆದರೆ ಕಾಲು ಮೊದಲು ತಾಗಿದ ಮಾತ್ರಕ್ಕೆ ಕಾಲು ಉಳಿಯುವುದಿಲ್ಲ. ಚುಮ್ಮಿಯ ಎಡ ಮುಂಗಾಲು ಮುರಿದಿತ್ತು, ಗಲ್ಲ ಕಲ್ಲಿಗೆ ಬಡಿದು ಬಾಯಿಯ ಅಂಗುಳ ಸೀಳಿತ್ತು. ಎತ್ತರದಿಂದ ಬಿದ್ದ ಬೆಕ್ಕುಗಳಲ್ಲಿ ಎದೆ, ದವಡೆ, ಅಂಗುಳ, ಕಾಲು ಇವೇ ಪೆಟ್ಟು ತಿನ್ನುವ ಜಾಗಗಳೆಂದು ಶಿವಮೊಗ್ಗದಲ್ಲಿ ಅದನ್ನು ನೋಡಿದ ಪಶುವೈದ್ಯರು ಹೇಳಿದರು. ಮಹಡಿಗಳಿಂದ ಬಿದ್ದ 132 ಬೆಕ್ಕುಗಳ ಬಗ್ಗೆ ನ್ಯೂಯಾರ್ಕಿನ ಪಶುವೈದ್ಯರು 1987ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಚಿಕಿತ್ಸೆ ಪಡೆದವುಗಳಲ್ಲಿ ಶೇಕಡಾ 90ರಷ್ಟು ಬದುಕಿದವು ಎಂಬ ಅದರ ಅಂಕಿಯನ್ನು ಜನ ಧೈರ್ಯಕ್ಕಾಗಿ ಎತ್ತಿ ಹೇಳುತ್ತಾರೆ. ಬಿದ್ದ ಜಾಗದಲ್ಲೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ ಎಂಬುದನ್ನು ಮಾತ್ರ ಅವರು ಯೋಚಿಸುವುದಿಲ್ಲ.

ಬಿದ್ದ ಬೆಕ್ಕು ಅಲ್ಲಿಯೇ ಇರಲಿಲ್ಲ, ಮೂರು ಕಾಲಿನಲ್ಲಿ ಓಡಿ ಸೌದೆ ಕೊಟ್ಟಿಗೆ ಸೇರಿತು. ಎಳೆಯಲು ಹೋದ ನನ್ನ ಮಣಿಕಟ್ಟನ್ನು ಎಲುಬಿಗೆ ತಾಗುವಂತೆ ಕಚ್ಚಿತು. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುವುದರಿಂದ ಹೊರಗೆ ಗಾಯ ಸಣ್ಣದಾಗಿ ಕಂಡರೂ ಒಳಗೆ ಕೀವಾಗುತ್ತದೆ. ನನ್ನ ಕೈ ಮರುದಿನವೇ ಊದಿತು. ಕಚ್ಚಿಸಿಕೊಂಡರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಮನೆಯ ಬೆಕ್ಕಲ್ಲವೇ ಎಂಬ ಸಡಿಲಿಕೆ ಬೇಡ. ನನಗೆ ಕಚ್ಚಿದ ದಿನ, ನಂತರ 3, 7 ಮತ್ತು 28ನೆಯ ದಿನ ಹೀಗೆ ನಾಲ್ಕು ಸಲ ಹಾಕಿದರು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾರು ಹತ್ತಿ ಹಿಡಿಯಬೇಕು ಎಂದು ಕೇಳುವ ಮೊದಲು, ಬೆಕ್ಕಿಗೆ ಏಕೆ ಇಳಿಯಲಾಗುತ್ತಿಲ್ಲ ಎಂದು ನೋಡಿ. ಅದರ ಉಗುರುಗಳು ಕೊಕ್ಕೆಯಂತೆ ಹಿಂದಕ್ಕೆ ಬಾಗಿರುತ್ತವೆ. ಮೇಲೇರುವಾಗ ತೊಗಟೆಯನ್ನು ಕಚ್ಚಿ ಹಿಡಿಯುತ್ತವೆ, ತಲೆ ಕೆಳಗೆ ಮಾಡಿ ಇಳಿಯುವಾಗ ಹಿಡಿತಕ್ಕೆ ಬರುವುದಿಲ್ಲ. ನಮ್ಮ ಕಾಡಿನ ಕೆಂದಳಿಲು ಹಿಂಗಾಲಿನ ಪಾದವನ್ನು ಹಿಂದಕ್ಕೆ ತಿರುಗಿಸಿ ಉಗುರು ಸಿಕ್ಕಿಸಿಕೊಂಡು ತಲೆಕೆಳಗಾಗಿ ಸರಸರನೆ ಇಳಿಯುತ್ತದೆ. ಸಾಕಿದ ಬೆಕ್ಕಿನ ಪಾದ ಹಾಗೆ ತಿರುಗದು. ಅದು ಹಿಮ್ಮುಖವಾಗಿ, ಬಾಲ ಕೆಳಗೆ ಮಾಡಿ ಇಳಿಯಬೇಕು, ಎಷ್ಟೋ ಬೆಕ್ಕುಗಳಿಗೆ ಅದು ಹೊಳೆಯುವುದೇ ಇಲ್ಲ. ಹಲಸಿನಲ್ಲಿ ಕವಲುಗಳಿರುವಷ್ಟು ಎತ್ತರದಲ್ಲಿ ಅದು ಹೇಗೋ ಹಾರಿಕೊಂಡು ಬರುತ್ತದೆ. ಅದನ್ನು ಕಟ್ಟಿಹಾಕುವುದು ಮೊದಲ ಕವಲಿನಿಂದ ನೆಲದವರೆಗಿನ ನೆಟ್ಟಗಿನ ಬೋಳು ಬೊಡ್ಡೆ. ನೀವು ಪರಿಹರಿಸಬೇಕಾದದ್ದು ಅಷ್ಟು ಭಾಗವನ್ನು ಮಾತ್ರ.

ಇದನ್ನು ನಾನು ಎರಡು ವರ್ಷದ ಬಳಿಕ, ಪಕ್ಕದ ಮನೆಯವರ ಬೆಕ್ಕು ನಮ್ಮ ನೇರಳೆ ಮರ ಹತ್ತಿದಾಗ ಮಾಡಿ ನೋಡಿದೆ. ಬಿದ್ದ ಅಡಿಕೆ ಮರವನ್ನು ಸೀಳಿದ ದಬ್ಬೆಯೊಂದು ಸೂರಿನ ನೀರು ಹಿಡಿಯುವ ಪನ್ನಾಲಿಗೆಂದು ತೆಗೆದಿಟ್ಟದ್ದಿತ್ತು. ಅದರ ಮೈಗೆ ಗೋಣಿತಾಟನ್ನು ಉದ್ದಕ್ಕೂ ಸುತ್ತಿ, ಗೇಣಿಗೊಂದರಂತೆ ತೆಂಗಿನ ನಾರಿನ ಹಗ್ಗದಿಂದ ಬಿಗಿದೆ. ಬರೀ ದಬ್ಬೆ ಮಳೆಯಲ್ಲಿ ಲೋಳೆಯಾಗುತ್ತದೆ. ಗೋಣಿಯಲ್ಲಿ ಉಗುರು ನಿಲ್ಲುತ್ತದೆ, ಹಗ್ಗದ ಗಂಟುಗಳು ಮೆಟ್ಟಿಲಾಗುತ್ತವೆ. ಮೇಲಿನ ತುದಿಯನ್ನು ಕವಲಿಗೆ ಕಟ್ಟಿ, ಕೆಳತುದಿ ಜಾರದಂತೆ ಎರಡು ಗೂಟ ಹೊಡೆದು, ಆದಷ್ಟು ಓರೆಯಾಗಿ ನಿಲ್ಲಿಸಿದೆ. ಬುಡದಲ್ಲಿ ಇಡಲು ಒಣಮೀನು ಬೇಕಿತ್ತು, ನಮ್ಮ ಮನೆಯಲ್ಲಿ ಅದು ಎಲ್ಲಿಂದ ಬರಬೇಕು; ಬೆಕ್ಕಿನ ಮನೆಯವರೇ ಸುಟ್ಟು ತಂದು, ಅಮ್ಮ ತೋರಿಸಿದಷ್ಟು ದೂರದಲ್ಲಿ ಇಟ್ಟು ಹೋದರು. ನಂತರ ಎಲ್ಲರನ್ನೂ ಮನೆಗೆ ಕಳಿಸಿ, ಅಂಗಳದ ದೀಪ ಆರಿಸಿ, ಬಾಗಿಲು ಹಾಕಿಕೊಂಡೆವು. ಜನ ನಿಂತು ನೋಡುತ್ತಿರುವವರೆಗೆ ಬೆಕ್ಕು ಇಳಿಯುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳಗಿನ ಜಾವ ನೋಡಿದಾಗ ಮೀನೂ ಇರಲಿಲ್ಲ, ಮರದ ಮೇಲೆ ಬೆಕ್ಕೂ ಇರಲಿಲ್ಲ. ಗೋಣಿಯ ಮೇಲೆ ಉಗುರಿನ ಗೀರುಗಳು ಮೇಲಿನಿಂದ ಬುಡದವರೆಗೂ ಇದ್ದವು.

ಹಸಿವಾದರೆ ತಾನೇ ಇಳಿಯುತ್ತದೆ ಎನ್ನುವವರ ಮಾತನ್ನು ಒಂದು ರಾತ್ರಿಯ ಮಟ್ಟಿಗೆ ಕೇಳಬಹುದು. ಆ ರಾತ್ರಿ ನಿಮ್ಮಲ್ಲಿ ಕಳೆದಾಗಿದೆ. ಮೈತುಂಬಿಕೊಂಡ ಬೆಕ್ಕು ಕೆಲವು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ, ಜೊತೆಗೆ ನಮ್ಮ ಮಳೆಯಲ್ಲಿ ನೆನೆದ ಮೈ ಆರುವುದೂ ಇಲ್ಲ. ಇವತ್ತು ಸಂಕ ಹಾಕಿ. ನಾಳೆ ಬೆಳಿಗ್ಗೆಯೂ ಅದು ಮೇಲೆಯೇ ಇದ್ದರೆ ಹಗ್ಗ ಕಟ್ಟಿಕೊಂಡು ದಪ್ಪ ಮರ ಹತ್ತಿ ಅಭ್ಯಾಸವಿರುವ ಸೊಪ್ಪು ಕಡಿಯುವವರನ್ನು ಹೊಳವಿನಲ್ಲಿ ಹತ್ತಿಸಿ. ಅವರು ಸಂದಿಯಲ್ಲಿ ಕೂರದೆ ಬೆಕ್ಕಿಗಿಂತ ಮೇಲಿನಿಂದ ಬರಲಿ. ಗಟ್ಟಿ ಬಟ್ಟೆಯ ಚೀಲದೊಳಗೆ ಕೈ ಹಾಕಿಕೊಂಡು, ಆ ಬಟ್ಟೆಯ ಸಮೇತ ಕುತ್ತಿಗೆಯ ಹಿಂದಿನ ಚರ್ಮ ಹಿಡಿದು, ಚೀಲವನ್ನು ಬೆಕ್ಕಿನ ಮೇಲೆ ಮಗುಚಿ, ಬಾಯಿ ಕಟ್ಟಿ, ಹಗ್ಗದಲ್ಲಿ ಇಳಿಬಿಡಲಿ. ಕಂಕುಳಲ್ಲಿ ಇಟ್ಟುಕೊಂಡು ಇಳಿಯುವ ಸಾಹಸ ಬೇಡ. ಕೆಳಗೆ ನಾಲ್ವರು ಕಂಬಳಿಯನ್ನು ಮೂಲೆಗಳಲ್ಲಿ ಬಿಗಿಯಾಗಿ ಹಿಡಿದು ನಿಲ್ಲಲಿ. ನನ್ನ ಪಾಗಾರದ ಮೇಲೆ ಆ ದಿನ ಒಂದು ಹಳೆಯ ಹಾಸಿಗೆಯನ್ನಾದರೂ ಹಾಸಬಹುದಿತ್ತು. ಹತ್ತುವವರು ಬರುವಷ್ಟರಲ್ಲಿ ಬೆಕ್ಕು ತಾನೇ ಇಳಿದಿದ್ದರೂ ಅವರ ದಿನದ ಕೂಲಿಯನ್ನು ಪೂರ್ತಿ ಕೊಡಿ.

ಅಗ್ನಿಶಾಮಕ ದಳಕ್ಕೆ 101 ಅಥವಾ 112ರಲ್ಲಿ ಕರೆ ಮಾಡಬಹುದು. ಮರ ತಂತಿಯ ಪಕ್ಕದಲ್ಲಿದ್ದರೆ ಅಥವಾ ಹತ್ತಿದ ಮನುಷ್ಯನೇ ಸಿಕ್ಕಿಕೊಂಡರೆ ಮಾಡಲೇಬೇಕು. ಉಳಿದಂತೆ, ರಸ್ತೆಗೆ ಮರ ಬೀಳುವ ಈ ದಿನಗಳಲ್ಲಿ ಅವರನ್ನು ತೋಟದ ಇಳಿಜಾರಿಗೆ ಕರೆಸುವುದು ನನಗೆ ಸರಿಕಾಣದು, ಅವರ ವಾಹನ ಅಲ್ಲಿಗೆ ಇಳಿಯುವುದೂ ಇಲ್ಲ. ಇನ್ನು ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯನ್ನು ಎತ್ತಿ ಬೆಕ್ಕನ್ನು ನೂಕಲು ಯಾರಾದರೂ ಮುಂದೆ ಬಂದರೆ ತಡೆಯಿರಿ. ಬೆಕ್ಕು ಬೀಳುವುದು ಒಂದು ಕಡೆಗಿರಲಿ, ಅಲ್ಯೂಮಿನಿಯಂನಂತೆ ಕಾರ್ಬನ್ ಫೈಬರಿನಲ್ಲಿಯೂ ವಿದ್ಯುತ್ ಹರಿಯುತ್ತದೆ. ತಂತಿಗೆ ತಾಗಿದರೆ ಹಿಡಿದವರು ಉಳಿಯುವುದಿಲ್ಲ.

ಚುಮ್ಮಿ ಈಗಲೂ ಇದೆ, ಎಡಗಾಲನ್ನು ಸ್ವಲ್ಪ ಹೊರಗೆ ಹಾಕಿ ನಡೆಯುತ್ತದೆ. ನಿಮ್ಮ ಬೆಕ್ಕು ಮರ ಹತ್ತಿದ್ದು ಏಕೆಂದು ನೀವು ಬರೆದಿಲ್ಲ. ನಾಯಿಗೆ ಹೆದರಿ ಹತ್ತಿದ್ದಾದರೆ ಮೊದಲು ನಾಯಿಯನ್ನು ಮರ ಕಾಣದ ಕಡೆ ಕಟ್ಟಿ, ಆಮೇಲೆ ದಬ್ಬೆ ಹುಡುಕಿ.